ಅಪ್ಪನ ಗೊರಕೆಯ ಗ್ಯಾಪು

"ಹಾಂ, ಈಗ ಹೇಳು. ಬೇಗ ಬೇಗ," ಎಂದಳು ಅಜ್ಜಿ.

ಪರದೆಯ ಆಚೆ ಮಲಗಿದ್ದ ಅಪ್ಪನ ಗೊರಕೆ ಗಕ್ಕನೆ ನಿಂತಿತ್ತು. ಗಿಳಿ ಒಂದೇ ಉಸಿರಿಗೆ ಶುರು ಮಾಡಿದಳು. "ಅಜ್ಜಿ, ಮುಂದಿನ ತಿಂಗ್ಳು ನಮ್ ಕ್ಲಾಸ್ ಟ್ರಿಪ್. ಮೃಗಾಲಯಕ್ಕೆ. ಬಸ್ ಓಡ್ಸೋದು ಯಾರು ಗೊತ್ತಾ? ನಮ್..."

ಖ್ರ್ಖೊಕ್. ಗೊರ್ರ್ರ್ರ್.

ಕೊನೆಯ ಪದ ಗೊರಕೆಯಲ್ಲಿ ಕೊಚ್ಚಿಕೊಂಡು ಹೋಯಿತು. ಗಿಳಿ ಎರಡೂ ಕೈಯಲ್ಲಿ ಗಾಳಿಯಲ್ಲೇ ಸ್ಟೀರಿಂಗ್ ತಿರುಗಿಸಿ, ಪರದೆಯ ಕಡೆ ಬೆರಳು ತೋರಿಸಿದಳು. ಅಜ್ಜಿಗೆ ಅರ್ಥವಾಯಿತು. ಅವಳ ಮುಖ ಅರಳಿತು.

ಆ ಮನೆಯಲ್ಲಿ ಮಧ್ಯಾಹ್ನದ ಮಾತುಕತೆ ನಡೆಯುತ್ತಿದ್ದದ್ದೇ ಹೀಗೆ. ಅಪ್ಪ ಸಿಟಿ ಬಸ್ಸಿನ ಡ್ರೈವರ್. ಬೆಳಕು ಹರಿಯುವ ಮೊದಲೇ ಡಿಪೋಗೆ ಹೋಗಿ, ಮಧ್ಯಾಹ್ನ ಮನೆಗೆ ಬಂದು, ಉಂಡು ಮಲಗುತ್ತಿದ್ದ. ಮಲಗಿದನೆಂದರೆ ಶೆಲ್ಫಿನ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಆ ಸದ್ದಿನ ಮೇಲೆ ಮಾತಾಡುವುದೆಂದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಆದರೆ ಗೊರಕೆ ಆಗಾಗ ತಾನಾಗಿಯೇ ನಿಲ್ಲುತ್ತಿತ್ತು. ಅದಕ್ಕೆ ಮನೆಯವರು ಇಟ್ಟ ಹೆಸರು 'ಗ್ಯಾಪು'. ಗ್ಯಾಪು ಬಂದಾಗ ಮಾತು, ಗೊರಕೆ ಬಂದಾಗ ಕೈಸನ್ನೆ. ಗಿಳಿಯ ತಮ್ಮ ಗ್ಯಾಪಿನಲ್ಲಿ ಮಗ್ಗಿ ಒಪ್ಪಿಸುತ್ತಿದ್ದ. ಮನೆಯಲ್ಲೇ ಸ್ಕೂಲ್ ಬ್ಯಾಗು ಹೊಲಿಯುವ ಅಮ್ಮ ಗ್ಯಾಪಿನಲ್ಲಿ ಗಿರಾಕಿಗಳ ಫೋನಿಗೆ ಉತ್ತರ ಕೊಡುತ್ತಿದ್ದಳು. ಅಜ್ಜಿಯಂತೂ ಪ್ರತಿ ಗ್ಯಾಪಿಗೂ ಒಂದು ನಿಟ್ಟುಸಿರು ಬಿಟ್ಟು, "ಪಾಪ, ಈಗ ನನ್ ಮಗನಿಗೆ ಒಳ್ಳೆ ನಿದ್ದೆ ಹತ್ತಿತು," ಎನ್ನುತ್ತಿದ್ದಳು.

ಗಿಳಿಯ ಹೆಸರು ಹಾಜರಿಯಲ್ಲಿ ಬೇರೆಯೇ ಇತ್ತು. ಕೇಳಿದ ಶಬ್ದವನ್ನೆಲ್ಲ ಹಾಗೇ ಬಾಯಲ್ಲಿ ಮಾಡುತ್ತಿದ್ದಳಲ್ಲ, ಅದಕ್ಕೇ ಎಲ್ಲರ ಬಾಯಲ್ಲೂ ಗಿಳಿಯಾಗಿದ್ದಳು. ದಾರ ಮುಗಿದ ಹೊಲಿಗೆ ಮಷೀನು, ಹೆಡ್‌ಮಿಸ್ ಚಪ್ಪಲಿ, ಬಸ್ಸಿನ ಬಾಗಿಲು, ಎಲ್ಲ ಅವಳಿಗೆ ಬರುತ್ತಿತ್ತು. ಒಮ್ಮೆ ಅವಳು ಶಾಲೆಯ ಲಾಂಗ್ ಬೆಲ್ ಸದ್ದು ಮಾಡಿದ್ದಕ್ಕೆ ಎರಡನೇ ಕ್ಲಾಸಿನ ಮಕ್ಕಳು ಬ್ಯಾಗು ಹೆಗಲಿಗೇರಿಸಿ ಗೇಟಿನವರೆಗೆ ಹೋಗಿದ್ದರು. ಅವತ್ತು ಗಿಳಿ ಸಂಜೆಯವರೆಗೆ ಆಫೀಸ್ ರೂಮಿನ ಮುಂದೆ ನಿಂತಿದ್ದಳು ಅನ್ನುವುದು ಬೇರೆ ಮಾತು.

ಟ್ರಿಪ್ಪಿನ ದಿನ ಬಸ್ಸಿನಲ್ಲಿ ಎಲ್ಲರೂ ಒಂದೊಂದು ಐಟಂ ಮಾಡಬೇಕಿತ್ತು. ಗಿಳಿಯ ಗೆಳೆಯ ಪೆನ್ಸಿಲ್, ಕಡ್ಡಿಯಂಥ ಹುಡುಗ, ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ. "ನೀನು ನಿಮ್ಮಪ್ಪನ ಗೊರಕೆನೇ ಮಾಡ್ಬೇಕು ಕಣೆ. ಅವ್ರು ಬಸ್ ಓಡಿಸ್ತಾ ಇರ್ತಾರೆ, ನೀನು ಹಿಂದೆ ಗೊರಕೆ ಹೊಡೀತಾ ಇರ್ತೀಯ. ಸೂಪರ್ ಆಗಿರುತ್ತೆ."

ಗಿಳಿಗೂ ಅದು ಸೂಪರ್ ಅನ್ನಿಸಿತ್ತು. ಟ್ರಿಪ್ಪಿಗೆ ಶಾಲೆಯವರು ಬಾಡಿಗೆಗೆ ಹಿಡಿದದ್ದು ಅಪ್ಪನ ಡಿಪೋದ ಬಸ್ಸು. ನಮ್ಮಪ್ಪನೇ ಬಸ್ ಓಡಿಸುವುದೆಂದು ಅವಳು ಶಾಲೆಗೆಲ್ಲ ಡಂಗುರ ಸಾರಿದ್ದಳು ಬೇರೆ.

ಅರ್ಧಂಬರ್ಧ ಮಾಡುವುದು ಗಿಳಿಗೆ ಆಗಿಬರುತ್ತಿರಲಿಲ್ಲ. ಅವತ್ತು ಮಧ್ಯಾಹ್ನ ಪರದೆ ಸರಿಸಿ ಅಪ್ಪನ ಮಂಚದ ಪಕ್ಕ ನೆಲದ ಮೇಲೆ ಕುಳಿತು ಪ್ರಾಕ್ಟೀಸ್ ಶುರು ಮಾಡಿದಳು. ಅಪ್ಪ ಎಳೆದರೆ ಅವಳೂ ಎಳೆದಳು. ಅಪ್ಪ ಬಿಟ್ಟರೆ ಅವಳೂ ಬಿಟ್ಟಳು. ಗ್ಯಾಪು ಬಂತು. ಅವಳೂ ಸುಮ್ಮನಾದಳು.

ಸುಮ್ಮನಿದ್ದಳು. ಇನ್ನೂ ಸುಮ್ಮನಿದ್ದಳು. ಎದೆ ಬಿಗಿಯಿತು, ಕಿವಿಯಲ್ಲಿ ಗುಂಯ್ ಎಂದಿತು. ತಡೆಯಲಾಗದೆ ಹಾ ಎಂದು ಬಾಯಿ ತೆರೆದಳು. ಅಪ್ಪ ಇನ್ನೂ ಶುರು ಮಾಡಿರಲಿಲ್ಲ.

'ನಾನೇ ಎಲ್ಲೋ ತಪ್ಪಿದೆ' ಅಂದುಕೊಂಡು ಮುಂದಿನ ಗ್ಯಾಪಿಗೆ ಕಾದಳು. ಆಗಲೂ ಅವಳದೇ ಸೋಲು. ಮತ್ತೊಂದು ಸಲ ಅವಳು ಉಸಿರು ಹಿಡಿಯಲಿಲ್ಲ, ಸುಮ್ಮನೆ ನೋಡಿದಳು. ಅಪ್ಪನ ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು, ಬಾಯಿ ತೆರೆದೇ ಇತ್ತು. ಆದರೆ ಮೂಗಿನ ಮುಂದೆ ಹಿಡಿದ ಅವಳ ಬೆರಳಿಗೆ ಚೂರೂ ಗಾಳಿ ತಾಗಲಿಲ್ಲ. ಆಮೇಲೆ ಖೊಕ್ ಎಂದು ಇಡೀ ಮೈ ಅದುರಿ, ಗೊರಕೆ ಮತ್ತೆ ಶುರುವಾಯಿತು.

ಗಿಳಿ ಎದ್ದು ಅಮ್ಮನ ಹತ್ತಿರ ಓಡಿದಳು.

"ಅಮ್ಮ, ಗ್ಯಾಪಲ್ಲಿ ಅಪ್ಪ ಉಸಿರಾಡ್ತಿಲ್ಲ."

ಅಮ್ಮ ಹಲ್ಲಿನಲ್ಲಿ ದಾರ ಕಚ್ಚಿದ್ದಳು. "ಏನೇನೋ ಮಾತಾಡ್ಬೇಡ. ಮಲ್ಕೊಂಡಿದ್ದಾರೆ ಅಷ್ಟೆ."

"ಗಾಢ ನಿದ್ದೇಲಿ ಉಸಿರು ಮೆತ್ತಗಿರುತ್ತೆ ಕಣೆ," ಎಂದಳು ಅಜ್ಜಿ.

ಗಿಳಿಗೆ ಇವರೊಡನೆ ವಾದ ಮಾಡಿ ಗೊತ್ತಿತ್ತು. ಗೋಡೆಗೆ ಹೇಳಿದರೆ ಗೋಡೆಯಾದರೂ ಕೇಳೀತು. ಅವಳು ದಾರಿ ಬದಲಾಯಿಸಿದಳು. "ಆಯ್ತು, ಒಂದ್ ಆಟ ಆಡೋಣ ಬನ್ನಿ. ಅಪ್ಪ ಸೈಲೆಂಟ್ ಆದ ತಕ್ಷಣ ನಾವೆಲ್ಲ ಉಸಿರು ಹಿಡ್ಕೋಬೇಕು. ಅಪ್ಪ ಗೊರಕೆ ಹೊಡೆದ್ರೆ ಬಿಡೋದು. ಯಾರು ಗೆಲ್ತಾರೆ ನೋಡೋಣ."

ಪಂದ್ಯ ಎಂದರೆ ಅಜ್ಜಿಯ ಕಿವಿ ನೆಟ್ಟಗಾಗುತ್ತಿತ್ತು. "ನನ್ ಹತ್ರಾನಾ ಪಂದ್ಯ? ಚಿಕ್ಕೋಳಿದ್ದಾಗ ಹೊಳೇಲಿ ಮುಳುಗಿ ಆ ದಡದಲ್ಲಿ ಏಳ್ತಿದ್ದೆ ನಾನು," ಎಂದು ಸೆರಗು ಸಿಕ್ಕಿಸಿಕೊಂಡೇ ಬಂದಳು. ಅಮ್ಮನೂ ನಗುತ್ತ ಮಷೀನು ಬಿಟ್ಟೆದ್ದಳು.

ನಾಲ್ವರೂ ಮಂಚದ ಸುತ್ತ ನಿಂತರು. ಗೊರಕೆ ಏರಿತು, ಏರಿತು, ಗಕ್ಕನೆ ನಿಂತಿತು. ಗಿಳಿ ಬೆರಳೆತ್ತಿದಳು.

ನಾಲ್ಕೂ ಮುಖ ಉಬ್ಬಿದವು. ತಮ್ಮ ಮೂಗು ಹಿಡಿದುಕೊಂಡು ಒಂಟಿ ಕಾಲಿನಲ್ಲಿ ಕುಪ್ಪಳಿಸಿದ, ಪುಸ್ಸೆಂದು ಬಿಟ್ಟ. ಆಮೇಲೆ ಗಿಳಿ. ಆಮೇಲೆ ಅಮ್ಮ. ಅಜ್ಜಿ ಮಾತ್ರ ಮಂಚದ ಅಂಚು ಗಟ್ಟಿಯಾಗಿ ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರು ತುಂಬಿತು, ಮುಖ ಕೆಂಪಾಯಿತು. ಕೊನೆಗೆ ಅವಳೂ ಉಸ್ಸೆಂದು ಕುಸಿದು ಕುಳಿತಳು.

ಅಪ್ಪ ಇನ್ನೂ ಸುಮ್ಮನೇ ಇದ್ದ.

ಗ್ಯಾಪಿನಲ್ಲಿ ಆ ಮನೆ ಅಷ್ಟು ಸುಮ್ಮನಿದ್ದದ್ದು ಅದೇ ಮೊದಲು. ಅಮ್ಮನ ಕೈ ಅಪ್ಪನ ಭುಜಕ್ಕೆ ಹೋಗುವಷ್ಟರಲ್ಲಿ ಖೊಕ್ ಎಂಬ ಸದ್ದು ಬಂತು.

"ಅಪ್ಪ ಗೆದ್ದ," ಎಂದು ತಮ್ಮ ಚಪ್ಪಾಳೆ ಹೊಡೆದ. ಅವನೊಬ್ಬನೇ ಹೊಡೆದದ್ದು.

"ಇಷ್ಟು ದಿನ ಇದನ್ನ ಒಳ್ಳೆ ನಿದ್ದೆ ಅನ್ಕೊಂಡಿದ್ನಲ್ಲೇ," ಎಂದು ಅಜ್ಜಿ ಗಿಳಿಯ ಕೈ ಹಿಡಿದುಕೊಂಡಳು.

ಸಂಜೆ ಅಪ್ಪ ಎದ್ದ. ಎಷ್ಟು ಮಲಗಿದರೂ ಅವನಿಗೆ ಸುಸ್ತು ಬಿಡುತ್ತಿರಲಿಲ್ಲ. ಆಕಳಿಸುತ್ತ ಟೀ ಕುಡಿಯುವಾಗ ಅಮ್ಮ ವಿಷಯ ಎತ್ತಿದಳು. ಅಪ್ಪ ನಕ್ಕುಬಿಟ್ಟ.

"ಮೊದಲ್ನೇದಾಗಿ ನಾನು ಗೊರಕೆನೇ ಹೊಡಿಯಲ್ಲ."

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ತನ್ನ ಗೊರಕೆಯೂ ಹಾಗೇ. ಓಣಿಗೆಲ್ಲ ಕೇಳಿಸುತ್ತಿದ್ದ ಸದ್ದು ಅಪ್ಪನೊಬ್ಬನಿಗೇ ಗೊತ್ತಿರಲಿಲ್ಲ.

"ಮತ್ತೆ ಹಗಲಲ್ಲಿ ಯಾಕಪ್ಪ ಇಷ್ಟು ತೂಕಡಿಕೆ?" ಎಂದಳು ಅಜ್ಜಿ.

"ನಾನೆಲ್ಲಿ ತೂಕಡಿಸ್ದೆ? ಮೊನ್ನೆ ಸಿಗ್ನಲ್ ಹಸಿರಾದ್ರೂ ಬಸ್ ಎತ್ತಲಿಲ್ಲ, ಹಿಂದಿನವ್ರು ಹಾರ್ನ್ ಹೊಡೆದ್ರು, ನಿಜ. ಅದು ನಿದ್ದೆ ಅಲ್ಲ, ಯೋಚ್ನೆ ಮಾಡ್ತಿದ್ದೆ."

ಹೇಳಿದ ಮೇಲೆ, ಹೇಳಬಾರದಿತ್ತು ಎಂದು ಅವನಿಗೇ ಅನ್ನಿಸಿತು. ಅಮ್ಮ ಲೋಟ ಕೆಳಗಿಟ್ಟಳು. "ನಾಳೆ ಡಾಕ್ಟರ್ ಹತ್ರ ಹೋಗೋಣ."

"ಡಾಕ್ಟರ್ ಹತ್ರ ಹೋದ್ರೆ ಏನಾಗುತ್ತೆ ಗೊತ್ತಾ? ಮೊದ್ಲು ಸ್ಟೀರಿಂಗ್ ಕಿತ್ಕೋತಾರೆ. ಆಮೇಲೆ ಮಗಳ ಟ್ರಿಪ್‌ಗೆ ಬಸ್ ಓಡ್ಸೋದು ಯಾರು? ಏನೇ ಗಿಳಿ?"

ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಅಪ್ಪ ಇಲ್ಲದ ಬಸ್ಸು, ಪೆನ್ಸಿಲ್‌ನ ಮುಖ, 'ನಿಮ್ಮಪ್ಪ ಎಲ್ಲೇ?' ಎಂದು ಕೇಳುವ ಇಡೀ ಕ್ಲಾಸು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಟ್ರಿಪ್ ಮುಗಿದ ಮೇಲೆ ಡಾಕ್ಟರ್ ಹತ್ತಿರ ಹೋದರೆ ಆಗದೇ ಅನ್ನಿಸಿತು. ಅಪ್ಪನೂ ಅದನ್ನೇ ಕಾಯುತ್ತಿದ್ದವನಂತೆ ಅವಳ ಕಡೆ ನೋಡಿ ಕಣ್ಣು ಮಿಟುಕಿಸಿದ.

ಬೆರಳಿಗೆ ಗಾಳಿ ತಾಗದೆ ಇದ್ದದ್ದು ಗಿಳಿಗೆ ನೆನಪಾಯಿತು.

"ಅಪ್ಪ, ಬಸ್ಸಲ್ಲಿ ಮಾಡೋ ನನ್ ಐಟಂ ನೋಡ್ತೀಯಾ?" ಎಂದು ಚಾಪೆಯ ಮೇಲೆ ಮಲಗಿದಳು.

ಶುರು ಮಾಡಿದಳು. ಮೊದಲು ಸಣ್ಣ ಸೀಟಿ, ಆಮೇಲೆ ಗರಗಸ, ಆಮೇಲೆ ಬೆಟ್ಟ ಹತ್ತುವ ಲಾರಿ. ಅಪ್ಪ ತೊಡೆ ತಟ್ಟಿಕೊಂಡು ನಕ್ಕ. "ಇದು ನಾನಾ? ಸುಳ್ಳು. ಇಷ್ಟೊಂದಾ?" ತಮ್ಮ ಹೌದೆಂದು ತಲೆಯಾಡಿಸಿದ.

ಗೊರಕೆ ಗಕ್ಕನೆ ನಿಂತಿತು.

ಅಪ್ಪ ನಗುತ್ತಲೇ ಕಾದ. ಗಿಳಿ ಅಲ್ಲಾಡಲಿಲ್ಲ. ಅಪ್ಪನ ನಗು ನಿಧಾನವಾಗಿ ಸಣ್ಣದಾಯಿತು. "ಸಾಕು, ಗೊತ್ತಾಯ್ತು. ಉಸಿರು ತಗೋ," ಎಂದ. ಗಿಳಿಯ ಕೆನ್ನೆ ಕೆಂಪಾಯಿತು. "ಗಿಳಿ, ಉಸಿರು ತಗೋ ಅಂದ್ನಲ್ಲ." ಅವಳ ಕೈಬೆರಳುಗಳು ಚಾಪೆಯನ್ನು ಗಟ್ಟಿಯಾಗಿ ಹಿಡಿದಿದ್ದವು. ಅಪ್ಪ ಟೀ ಲೋಟ ಎಲ್ಲಿಟ್ಟನೋ, ಎರಡೂ ಭುಜ ಹಿಡಿದು ಅವಳನ್ನು ಎತ್ತಿ ಕೂರಿಸಿದ. "ಉಸಿರು ತಗೊಳ್ಳೇ, ಮರಿ."

ಗಿಳಿ ಹಾ ಎಂದು ಉಸಿರು ಎಳೆದುಕೊಂಡಳು. ಸುಧಾರಿಸಿಕೊಂಡು ಹೇಳಿದಳು. "ನನ್ ಕೈಲಿ ಆಗೋದು ಇಷ್ಟೇ ಅಪ್ಪ. ನೀನು ಇದಕ್ಕಿಂತ ಜಾಸ್ತಿ ಹೊತ್ತು ಮಾಡ್ತೀಯ. ಮತ್ತೆ ಮತ್ತೆ ಮಾಡ್ತೀಯ."

ಅಪ್ಪ ಅವಳ ಭುಜ ಬಿಡಲಿಲ್ಲ. "ನಾಳೆ ಡಿಪೋಗೆ ರಜೆ ಹೇಳ್ತೀನಿ," ಎಂದ.

ಆಸ್ಪತ್ರೆಯ ನಿದ್ದೆ ಡಾಕ್ಟರು ಸ್ವತಃ ಒಂದು ದೊಡ್ಡ ಆಕಳಿಕೆ ತೆಗೆದು, "ಸಾರಿ," ಎಂದರು. ಗಿಳಿಗೆ ಅವರು ತಕ್ಷಣ ಇಷ್ಟವಾದರು.

"ನಿದ್ದೆ ಹೇಗ್ ಬರುತ್ತೆ ನಿಮಗೆ?"

"ನಾನು ಮಲಗಿರ್ತೀನಲ್ಲ ಡಾಕ್ಟ್ರೇ, ನನಗೇನ್ ಗೊತ್ತು? ಇವಳನ್ನ ಕೇಳಿ," ಎಂದ ಅಪ್ಪ.

ಗಿಳಿ ಕುರ್ಚಿಯಲ್ಲೇ ತಲೆ ವಾಲಿಸಿ ಮಾಡಿ ತೋರಿಸಿದಳು. ಡಾಕ್ಟರು ನಗಲಿಲ್ಲ. ಕಣ್ಣು ಮುಚ್ಚಿ, ಹಾಡು ಕೇಳುವವರ ಹಾಗೆ ಕೇಳಿದರು. "ತುಂಬಾ ಚೆನ್ನಾಗಿ ಕೇಳಿಸ್ಕೊಂಡಿದ್ದೀಯ. ಆದ್ರೆ ಉಸಿರು ಹಿಡಿಯೋ ಆಟ ಇನ್ಮೇಲೆ ಬೇಡ, ಆಯ್ತಾ? ಅಜ್ಜಿಗೂ ಹೇಳು."

ಆಮೇಲೆ ಡ್ರಾಯರಿನಿಂದ ಅಂಗಿ ಗುಂಡಿಯಷ್ಟು ಚಿಕ್ಕದೊಂದು ಮೈಕ್ ತೆಗೆದರು. ಮಲಗುವಾಗ ಅದನ್ನು ಅಪ್ಪನ ಕುತ್ತಿಗೆಗೆ ಅಂಟಿಸಬೇಕಂತೆ. ಬೆರಳಿಗೆ ಒಂದು ಕ್ಲಿಪ್ಪು. ಅಪ್ಪ ಮಲಗಿದಷ್ಟು ಹೊತ್ತೂ ಮೈಕು ಉಸಿರಿನ ಶಬ್ದ ಕೇಳಿಸಿಕೊಳ್ಳುತ್ತದೆ, ಕಂಪ್ಯೂಟರು ಅದನ್ನು ಚಿತ್ರ ಮಾಡುತ್ತದೆ.

"ಅದಕ್ಕೆ ಬೇಜಾರಾಗಲ್ವಾ?" ಎಂದು ಕೇಳಿದಳು ಗಿಳಿ.

"ಇಲ್ಲ. ಅದೂ ನಿನ್ ಥರಾನೇ. ಕಿವಿ ಕೊಟ್ಟು ಕೂತ್ಕೊಂಡ್ರೆ ಏಳಲ್ಲ."

ಚಿತ್ರ ಬಂದ ದಿನ ಡಾಕ್ಟರು ಸ್ಕ್ರೀನ್ ತಿರುಗಿಸಿ ತೋರಿಸಿದರು. ಗೊರಕೆಯೆಲ್ಲ ಗುಡ್ಡಗಳ ಸಾಲಾಗಿತ್ತು. ಗುಡ್ಡಗಳ ಮಧ್ಯೆ ಅಲ್ಲಲ್ಲಿ ಬರೀ ಒಂದು ಗೆರೆ, ಬಯಲಿನಂತೆ.

"ಎಲ್ಲರೂ ಗುಡ್ಡ ನೋಡಿ ನಗ್ತಾರೆ. ನಾವು ಈ ಬಯಲು ನೋಡ್ತೀವಿ," ಎಂದು ಡಾಕ್ಟರು ಬೆರಳಿಟ್ಟರು. "ಪೇಪರ್ ಸ್ಟ್ರಾದಲ್ಲಿ ಜ್ಯೂಸ್ ಕುಡ್ದಿದ್ದೀಯಾ? ನೆನೆದ ಮೇಲೆ ಎಳೆದಷ್ಟೂ ಸ್ಟ್ರಾ ಒಳಗೊಳಗೇ ಅಂಟ್ಕೊಳ್ಳುತ್ತೆ. ನಿದ್ದೆ ಬಂದಾಗ ನಿಮ್ಮಪ್ಪನ ಗಂಟ್ಲೂ ಹಾಗೇ ಆಗುತ್ತೆ. ಗಾಳಿ ಹೋಗಲ್ಲ. ಆಗ ಮೆದುಳು ಗಾಬರಿಯಾಗಿ ಅವರನ್ನ ಎಬ್ಬಿಸುತ್ತೆ. ಎದ್ದಿದ್ದು ಅವ್ರಿಗೇ ಗೊತ್ತಾಗಲ್ಲ. ಇಷ್ಟು ಸಲ ಎದ್ರೆ ಸುಸ್ತಾಗ್ದೆ ಇರುತ್ತಾ?"

"ಸರಿಹೋಗುತ್ತಾ?" ಎಂದು ಕೇಳಿದ್ದು ಅಮ್ಮ.

"ಒಂದು ಮಾಸ್ಕ್ ಕೊಡ್ತೀನಿ. ಮಷೀನು ಮೆಲ್ಲಗೆ ಗಾಳಿ ಊದ್ತಾ ಗಂಟ್ಲು ಮುಚ್ಚದ ಹಾಗೆ ನೋಡ್ಕೊಳ್ಳುತ್ತೆ. ಸದ್ಯಕ್ಕೆ ಬಸ್ ಬೇಡ. ಸ್ವಲ್ಪ ದಿನದ ಮೇಲೆ ಮತ್ತೆ ಮೈಕ್ ಅಂಟಿಸಿ ಕೇಳಿ ನೋಡೋಣ. ಬಯಲು ಮಾಯವಾದ್ರೆ ಸ್ಟೀರಿಂಗ್ ಹಿಡೀಬಹುದು ಅಂತ ನಾನೇ ನಿಮ್ ಡಿಪೋಗೆ ಹೇಳ್ತೀನಿ."

ಅಪ್ಪ ತಲೆ ತಗ್ಗಿಸಿದ. ಗಿಳಿಯೂ ತಗ್ಗಿಸಿದಳು. ಟ್ರಿಪ್ಪಿನ ಬಸ್ಸು ಕೈತಪ್ಪಿ ಹೋದದ್ದು ಇಬ್ಬರಿಗೂ ಗೊತ್ತಾಯಿತು.

ಡಿಪೋದಲ್ಲಿ ಅಪ್ಪನಿಗೆ ಟಿಕೆಟ್ ಕೌಂಟರಿನಲ್ಲಿ ಕೂರುವ ಕೆಲಸ ಕೊಟ್ಟರು. ಮೊದಮೊದಲು ಮುಖ ಗಂಟಿಕ್ಕಿಕೊಂಡೇ ಹೋಗಿ ಬರುತ್ತಿದ್ದ. ಮನೆಯಲ್ಲಿ ಮಾಸ್ಕ್ ಹಾಕಿಕೊಂಡಾಗ, ಮೂಗಿನಿಂದ ಮಷೀನಿಗೆ ಇಳಿಬಿದ್ದ ಕೊಳವೆ ನೋಡಿ ತಮ್ಮ, "ಅಪ್ಪ ಆನೆ ಆದ," ಎಂದು ಕುಣಿದ. ಮಾಸ್ಕಿನ ಒಳಗಿನಿಂದಲೇ ಅಪ್ಪ ಆನೆಯ ಹಾಗೆ ತಲೆ ತೂಗಿದ.

ನಿಜವಾದ ಫಜೀತಿ ಆಮೇಲೆ ಶುರುವಾಯಿತು. ಗೊರಕೆಯೇ ಇಲ್ಲ. ಅಜ್ಜಿ ಹೇಳಬೇಕಾದ ಮಾತನ್ನು ಬಾಯಲ್ಲಿಟ್ಟುಕೊಂಡು ಗ್ಯಾಪಿಗೆ ಕಾಯುತ್ತ ಕುಳಿತಳು. ತಮ್ಮ ಮಗ್ಗಿ ಹೇಳಲು ಬಾಯಿ ತೆರೆದು ನಿಂತ. "ಅಮ್ಮ, ಈಗ ಯಾವಾಗ ಮಾತಾಡೋದು?" ಎಂದು ಪಿಸುಗುಟ್ಟಿದ. ಫೋನಿನಲ್ಲಿ ಅಮ್ಮ ಅಭ್ಯಾಸಬಲದಿಂದ, "ಒಂದ್ನಿಮಿಷ, ಹೋಲ್ಡ್ ಮಾಡಿ," ಎಂದು, ಯಾಕೆ ಹೇಳಿದೆನೋ ತನಗೇ ತಿಳಿಯದೆ ನಕ್ಕಳು. ಲೋಟಗಳ ಕಿಣಿಕಿಣಿಯಿಲ್ಲದೆ ಅಜ್ಜಿಗೆ ಮಧ್ಯಾಹ್ನದ ನಿದ್ದೆಯೇ ಹತ್ತಲಿಲ್ಲ. "ಸ್ವಲ್ಪ ನಿಮ್ಮಪ್ಪನ ಗೊರಕೆ ಮಾಡೇ, ಒಂದ್ ಗಳಿಗೆ ಕಣ್ಮುಚ್ತೀನಿ," ಎಂದು ಗಿಳಿಯನ್ನು ಕರೆದಳು. ಗಿಳಿ ಮಾಡಿದಳು, ಗ್ಯಾಪೊಂದನ್ನು ಬಿಟ್ಟು.

ಅಪ್ಪ ಮಾತ್ರ ಬೇರೆ ಮನುಷ್ಯನಾದ. ಸಂಜೆ ಯಾರೂ ಎಬ್ಬಿಸದೆ ಎದ್ದು, ಸೀಟಿ ಹೊಡೆಯುತ್ತ ಮುಖ ತೊಳೆಯುತ್ತಿದ್ದ. ತಮ್ಮನೊಡನೆ ಓಣಿಯಲ್ಲಿ ಚೆಂಡು ಒದೆಯುತ್ತಿದ್ದ. ಟೀ ಆರುವ ಮೊದಲೇ ಮುಗಿಸುತ್ತಿದ್ದ.

ಗಿಳಿ ಈಗಲೂ ಮಂಚದ ಪಕ್ಕ ಕೂರುವುದು ಬಿಟ್ಟಿರಲಿಲ್ಲ. ಹೊಸ ಶಬ್ದ ಕಲಿಯಬೇಕಿತ್ತಲ್ಲ. ಇದು ಲಾರಿಯಲ್ಲ, ಗರಗಸವಲ್ಲ. ಎಷ್ಟು ಕಿವಿಗೊಟ್ಟರೂ ಜಾರಿಹೋಗುವಷ್ಟು ಸಣ್ಣದು. ಇಷ್ಟು ಕಷ್ಟದ ಶಬ್ದವನ್ನು ಅವಳು ಮೊದಲು ಮಾಡಿರಲಿಲ್ಲ.

ಟ್ರಿಪ್ಪಿನ ದಿನ ಸ್ಟೀರಿಂಗ್ ಹಿಡಿದವರು ಬೇರೆ ಡ್ರೈವರು, ಬಿಳಿ ಮೀಸೆಯ ಅಂಕಲ್.

"ನಿಮ್ಮಪ್ಪ ಓಡಿಸ್ತಾರೆ ಅಂದಿದ್ದೆ," ಎಂದ ಪೆನ್ಸಿಲ್.

"ಅಂದಿದ್ದೆ. ಈಗ ಅವ್ರೂ ನಮ್ ಜೊತೆ ಕೂತ್ಕೊಂಡು ಬರ್ತಾರೆ," ಎಂದಳು ಗಿಳಿ.

ಮಕ್ಕಳನ್ನು ನೋಡಿಕೊಳ್ಳಲೆಂದು ಬಂದಿದ್ದ ಅಪ್ಪ ಮುಂದಿನ ಸೀಟಿನಲ್ಲಿ ಕುಳಿತಿದ್ದ. ಪ್ರತಿ ತಿರುವಿಗೂ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು. "ಅಲ್ಲಿ ಬ್ರೇಕ್ ಇಲ್ಲಪ್ಪ," ಎಂದಳು ಗಿಳಿ. ಬಿಳಿ ಮೀಸೆ ಅಂಕಲ್ ಕನ್ನಡಿಯಲ್ಲಿ ನೋಡಿ ನಕ್ಕರು. ಅಪ್ಪ ಕಾಲು ಹಿಂದಕ್ಕೆಳೆದುಕೊಂಡು ಕಿಟಕಿಯ ಹೊರಗೆ ನೋಡತೊಡಗಿದ. ಮೊದಲಾಗಿದ್ದರೆ ಕುಳಿತ ತಕ್ಷಣ ತಲೆ ವಾಲಿಬಿಡುತ್ತಿತ್ತು. ಇವತ್ತು ಹೋಗುವ ಬರುವ ಗಾಡಿಗಳನ್ನೆಲ್ಲ ಕಣ್ಣು ತುಂಬ ನೋಡುತ್ತಿದ್ದ.

ಐಟಂಗಳು ಶುರುವಾದವು. ಪೆನ್ಸಿಲ್ ಹಾಡಿದ, ಅರ್ಧಕ್ಕೆ ಮರೆತ, ಮೊದಲಿನಿಂದ ಹಾಡಿ ಮತ್ತೆ ಅಲ್ಲೇ ಮರೆತ. ಆಮೇಲೆ ಎಲ್ಲರೂ ಒಟ್ಟಿಗೆ ಸೀಟು ಬಡಿದು ಕೂಗಿದರು. "ಗಿಳಿ, ಗೊರಕೆ. ಗಿಳಿ, ಗೊರಕೆ."

ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಗಿಳಿ ಎದ್ದು ನಿಂತು ಬಸ್ಸಿನ ಮೈಕ್ ಹಿಡಿದಳು. ಹಳೆಯದನ್ನು ಮಾಡಿದರೆ ಇಡೀ ಬಸ್ಸು ಬಿದ್ದು ಬಿದ್ದು ನಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳು ಕಣ್ಣು ಮುಚ್ಚಿ, ಹೊಸದನ್ನು ಶುರು ಮಾಡಿದಳು. ಮೆಲ್ಲಗೆ ಒಳಗೆ. ಮೆಲ್ಲಗೆ ಹೊರಗೆ.

"ಶುರು ಮಾಡೇ," ಎಂದ ಪೆನ್ಸಿಲ್.

ಗಿಳಿ ಬೆರಳೆತ್ತಿ ಸುಮ್ಮನಿರಲು ಹೇಳಿ, ಹಾಗೇ ಮುಂದುವರಿಸಿದಳು. ಗದ್ದಲ ನಿಧಾನವಾಗಿ ಇಳಿಯಿತು. ಮಕ್ಕಳೆಲ್ಲ ಕತ್ತು ಮುಂದೆ ಚಾಚಿದರು.

"ಏನೂ ಕೇಳ್ತಾನೇ ಇಲ್ವಲ್ಲ," ಎಂದಿತು ಹಿಂದಿನಿಂದ ಒಂದು ದನಿ. ಯಾರೂ ನಗಲಿಲ್ಲ. ಗಿಳಿಗೆ ಬೇಜಾರಾಗಲಿಲ್ಲ.

ಅಪ್ಪ ಮುಖದಿಂದ ಕೈ ತೆಗೆದು ತಿರುಗಿ ನೋಡಿದ. "ಯಾರದೇ ಇದು?" ಎಂದು ಮೆಲ್ಲಗೆ ಕೇಳಿದ.

"ನಿಂದೇ ಅಪ್ಪ. ಈಗಿನದು."

ಅಪ್ಪ ಅವಳನ್ನೇ ನೋಡುತ್ತ ಕುಳಿತ. ಬಸ್ಸು ಒಂದು ತಿರುವು ದಾಟಿತು. ಅವನ ಕಾಲು ನೆಲ ಒತ್ತಲಿಲ್ಲ.

"ಇನ್ನೊಂದ್ ಸಲ ಮಾಡು," ಎಂದ.

ಗಿಳಿ ಮೈಕನ್ನು ಸೀಟಿನ ಮೇಲಿಟ್ಟು ಅಪ್ಪನ ಪಕ್ಕ ಹೋಗಿ ಕುಳಿತಳು, ಅವನ ಕಿವಿಯ ಹತ್ತಿರ ಬಾಗಿದಳು. ಮೆಲ್ಲಗೆ ಒಳಗೆ, ಮೆಲ್ಲಗೆ ಹೊರಗೆ. ಎಲ್ಲೂ ಉಸಿರು ಬಿಗಿಹಿಡಿಯಬೇಕಾಗಿರಲಿಲ್ಲ.